ಪರೀಕ್ಷೆಗೆ ಇಟ್ಟ ಹತ್ತು ಹುಳ

ಹೋದ ತಿಂಗಳು ಒಂದು ಬೆಳಗ್ಗೆ ನಗರಸಭೆಯವರು ನಮ್ಮ ಬೀದಿಯ ಚರಂಡಿಯುದ್ದಕ್ಕೂ ಬ್ಲೀಚಿಂಗ್ ಪೌಡರ್ ಉದುರಿಸಿಕೊಂಡು ಹೋದರು. ಹಾಲು ತರಲು ಹೋಗಿದ್ದ ನಾನು ವಾಪಸ್ಸು ಬಂದು ಬಾಗಿಲಲ್ಲಿ ನಿಂತೆ. ಸುಮ್ಮನೆ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು, ಬಲಗಾಲು ಒಂದು ಸಲ, ಎಡಗಾಲು ಒಂದು ಸಲ ನೆಲಕ್ಕೆ ಚೆನ್ನಾಗಿ ಉಜ್ಜಿ ಆಮೇಲೆ ಒಳಗೆ ಬಂದೆ. ಪೇಪರು ಓದುತ್ತಿದ್ದ ನಮ್ಮ ಯಜಮಾನರು ಅಲ್ಲಿ ಕಾಲೊರೆಸು ಎಲ್ಲಿದೆ ಎಂದು ಕೇಳಿದರು. ಇರಲಿಲ್ಲ. ಬರೀ ನೆಲ ಉಜ್ಜಿದ್ದೆ. ಇಪ್ಪತ್ತು ವರ್ಷದ ಹಿಂದೆ ಕಲಿತದ್ದು ಕಾಲಿಗೆ ಇನ್ನೂ ನೆನಪಿತ್ತು.

ನಿಮ್ಮಲ್ಲಿ ಯಾರಾದರೂ ರೇಷ್ಮೆ ಹುಳ ಸಾಕಿದ ಮನೆಯವರಿದ್ದರೆ ಇಷ್ಟು ಹೇಳಿದ್ದೇ ಸಾಕು, ನಿಮ್ಮ ಮೂಗಿಗೂ ಆ ವಾಸನೆ ಬಂದಿರುತ್ತದೆ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ದೊಡ್ಡಆಲಹಳ್ಳಿ ರಸ್ತೆಯ ಒಂದು ಊರಿನಲ್ಲಿ ಹುಳ ಸಾಕುತ್ತಿದ್ದಳು. ಮನೆಗೆ ಅಂಟಿಕೊಂಡಂತೆ ಹುಳದ ಮನೆ. ಅದರ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ನೆನೆದ ಗೋಣಿಚೀಲ. ಅದರ ಮೇಲೆ ಎರಡು ಪಾದವನ್ನೂ ಉಜ್ಜಿ, ಪಕ್ಕದ ಬಕೀಟಿನಲ್ಲಿ ಮೊಣಕೈವರೆಗೂ ಕೈ ಅದ್ದಿ, ಆಮೇಲಷ್ಟೇ ಒಳಗೆ ಕಾಲಿಡಬೇಕು. ಸ್ವಂತ ಮನೆಗಾದರೆ ಹೊಲದ ಕೆಸರುಗಾಲಲ್ಲೇ ನುಗ್ಗುತ್ತಿದ್ದ ದೊಡ್ಡಪ್ಪನೂ ಈ ಬಾಗಿಲಲ್ಲಿ ಮಾತ್ರ ವಿಧೇಯನಾಗಿ ಕಾಲು ಉಜ್ಜುತ್ತಿದ್ದ.

ರೇಷ್ಮೆ ಹುಳ ಬಹಳ ನಾಜೂಕಿನ ಜೀವ. ಸೋಂಕು ತಗುಲಿದರೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹರಡಿ ಒಂದೆರಡು ದಿನದಲ್ಲಿ ತಿಂಗಳ ದುಡಿಮೆ ತಿಪ್ಪೆ ಸೇರುತ್ತದೆ. ಆದ್ದರಿಂದ ದೊಡ್ಡಮ್ಮನಿಗೆ ಲೋಕದ ಮೇಲೆಲ್ಲ ಅನುಮಾನ. ಒಗ್ಗರಣೆ ಘಾಟು, ಊದಿನಕಡ್ಡಿ, ನಶ್ಯ, ಸೊಳ್ಳೆಬತ್ತಿ, ಮುಖದ ಪೌಡರು ಇವು ಯಾವುವೂ ಹುಳದ ಹತ್ತಿರ ಸುಳಿಯಬಾರದು. ಮನೆಗೆ ಬಂದವರನ್ನು ಅವಳು ಮೊದಲು ಮೂಸುತ್ತಿದ್ದಳು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಕೈ ಹಿಡಿದು ಮಾತಾಡಿಸುವ ನೆಪದಲ್ಲಿ ಹತ್ತಿರ ಎಳೆದುಕೊಂಡು, ಹೆಗಲ ಹತ್ತಿರ ಒಮ್ಮೆ ಉಸಿರು ಎಳೆದುಕೊಂಡು ತೀರ್ಮಾನ ಮಾಡುತ್ತಿದ್ದಳು. ಹಬ್ಬಕ್ಕೆ ಸೆಂಟು ಹೊಡೆದುಕೊಂಡು ಬಂದ ಸ್ವಂತ ಅಳಿಯನಿಗೆ ಅವಳು ಅಂಗಳದ ಹೊಂಗೆ ಮರದ ಕೆಳಗೆ ಎಲೆ ಹಾಕಿಸಿ ಊಟ ಬಡಿಸಿದ್ದನ್ನು ನಾನೇ ಕಂಡಿದ್ದೇನೆ. ಆತ ಸಿಟ್ಟಾಗಲಿಲ್ಲ. ಅವರ ಮನೆಯಲ್ಲೂ ಹುಳವಿತ್ತು.

ನಾನು ಆ ಮನೆಗೆ ಸೇರಿಕೊಂಡದ್ದು ಫ್ಯಾಕ್ಟರಿ ಬಸ್ಸಿನ ಕಾರಣಕ್ಕೆ. ಹಾರೋಹಳ್ಳಿ ಕಡೆ ಒಂದೊಂದಾಗಿ ಶೆಡ್ಡುಗಳು ಏಳುತ್ತಿದ್ದ ಕಾಲ ಅದು. ಬೆಳಗಾಗುವ ಮೊದಲೇ ಬಸ್ಸುಗಳು ಹಳ್ಳಿಹಳ್ಳಿಗೆ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದವು. ನಮ್ಮೂರು ಮಾಗಡಿ ಕಡೆ, ಕಲ್ಯದ ಹತ್ತಿರ. ಅಲ್ಲಿಂದ ಹಾರೋಹಳ್ಳಿಗೆ ಹೋಗಬೇಕಾದರೆ ಮೂರು ಬಸ್ಸು ಬದಲಾಯಿಸಬೇಕಿತ್ತು. ದೊಡ್ಡಮ್ಮನ ಊರಿಗಾದರೆ ಫ್ಯಾಕ್ಟರಿ ಬಸ್ಸು ಬಾಗಿಲಿಗೇ ಬರುತ್ತಿತ್ತು. ಅವಳ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಕೈಗೆ ಒಬ್ಬಳು ಸಿಗುತ್ತಾಳೆ ಎಂದು ಅವಳಿಗೆ ಖುಷಿ, ಮನೆಯಿಂದ ಹೊರಗೆ ಬಿದ್ದೆನಲ್ಲ ಎಂದು ನನಗೆ ಖುಷಿ.

ಗಾರ್ಮೆಂಟ್ಸಿನಲ್ಲಿ ನನಗೆ ಕೊಟ್ಟ ಕೆಲಸ ಚೆಕ್ಕಿಂಗು. ಹೊಲಿದು ಬಂದ ಅಂಗಿಯನ್ನು ತಿರುವಿ, ಮಗುಚಿ, ಎಳೆದು, ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ಎಣ್ಣೆ ಕಲೆ ಇದೆ ಎಂದು ಹುಡುಕಿ, ಸಿಕ್ಕಿದ ಜಾಗಕ್ಕೆ ಬಾಣದ ಗುರುತಿನ ಪುಟ್ಟ ಸ್ಟಿಕರು ಅಂಟಿಸುವುದು. ದಿನಕ್ಕೆ ನೂರಾರು ಅಂಗಿಗಳನ್ನು ಅನುಮಾನದಿಂದ ನೋಡಿ ನೋಡಿ ಮನುಷ್ಯರನ್ನೂ ಹಾಗೇ ನೋಡುವುದು ನನಗೆ ಅಭ್ಯಾಸವಾಯಿತು. ಈಗಲೂ ಮದುವೆ ಮನೆಯಲ್ಲಿ ಯಾರಾದರೂ ಹೊಸ ರವಿಕೆ ತೋರಿಸಿದರೆ ನನ್ನ ಬೆರಳು ತಾನಾಗಿ ಅದರ ತೋಳಿನ ಒಳಹೊಲಿಗೆಗೆ ಹೋಗುತ್ತದೆ. ಇದಕ್ಕಾಗಿ ನನ್ನನ್ನು ನೆಂಟರಿಷ್ಟರು ಅಷ್ಟಾಗಿ ಇಷ್ಟಪಡುವುದಿಲ್ಲ. ಹೀಗೆ, ಮೂಸುವವಳೊಬ್ಬಳು, ತಿರುವಿ ನೋಡುವವಳೊಬ್ಬಳು ಒಂದೇ ಸೂರಿನಡಿ ಸೇರಿದ್ದೆವು.

ಆ ದಿನಗಳಲ್ಲಿ ಊರಿಗೆ ಊರೇ ಅನುಮಾನದಲ್ಲಿ ಮುಳುಗಿತ್ತು ಅನ್ನಿ. ಜೀಪಿನಲ್ಲಿ ಯಾರೋ ಬಂದು ಹೊಲದ ಬದುವಿನಲ್ಲಿ ಕಲ್ಲು ನೆಟ್ಟು ಹೋಗುವರು. ಯಾವ ಜಮೀನು ಫ್ಯಾಕ್ಟರಿಗೆ ಹೋಗುತ್ತದೆ, ಯಾರು ಒಳಗೊಳಗೇ ಒಪ್ಪಿಕೊಂಡಿದ್ದಾರೆ ಎಂದು ಊರಿನ ಟೀ ಅಂಗಡಿಯಲ್ಲಿ ದಿನಕ್ಕೊಬ್ಬರ ಹೆಸರು. ದೊಡ್ಡಮ್ಮನಿಗೆ ಫ್ಯಾಕ್ಟರಿಯ ಮೇಲೆ ಬೇರೆಯದೇ ಗುಮಾನಿ. ಅಲ್ಲಿಯ ಬಟ್ಟೆಯ ಧೂಳು ನನ್ನ ಮೈಗೆ ಅಂಟಿಕೊಂಡು ಬಂದು ಹುಳಕ್ಕೆ ತಗುಲುತ್ತದೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ದಿನಾ ಸಂಜೆ ಬಸ್ಸಿಳಿದ ನಾನು ಹಿತ್ತಿಲಲ್ಲೇ ಬಟ್ಟೆ ಬದಲಾಯಿಸಿ, ಮುಖ ಕೈಕಾಲು ತೊಳೆದು, ಅವಳ ಮೂಗಿನ ಮುಂದೆ ಹಾಜರಾಗಬೇಕು. ಪಾಸಾದರೆ ಕಾಫಿ. ಫ್ಯಾಕ್ಟರಿಯಿಂದ ಮನೆಗೆ ಏನೋ ಬರುತ್ತದೆ ಎಂಬ ಅವಳ ಗುಮಾನಿ ತಪ್ಪಾಗಿರಲಿಲ್ಲ. ಆದರೆ ಬರುವುದು ಧೂಳು ಅಂದುಕೊಂಡಿದ್ದಳು, ತಗುಲುವುದು ಹುಳಕ್ಕೆ ಅಂದುಕೊಂಡಿದ್ದಳು.

ಆ ಚಳಿಗಾಲದಲ್ಲಿ ನಮ್ಮ ಬಸ್ಸಿನಲ್ಲಿ ಎಲ್ಲರಿಗೂ ಕೆಮ್ಮು. ರಸ್ತೆ ಅಗಲ ಮಾಡುತ್ತಿದ್ದ ಮಣ್ಣಿಗೆ ಹೆದರಿ ಕಿಟಕಿಯನ್ನೆಲ್ಲ ಮುಚ್ಚಿಕೊಂಡು ಅರವತ್ತು ಹುಡುಗಿಯರು ಒಬ್ಬರ ಉಸಿರು ಒಬ್ಬರು ಕುಡಿದುಕೊಂಡು ಹೋಗುತ್ತಿದ್ದೆವು. ಒಂದು ಸೋಮವಾರ ನನಗೂ ಗಂಟಲು ಕೆರೆಯಿತು, ಮಂಗಳವಾರ ಮೈ ಬಿಸಿಯಾಯಿತು. ನಾನು ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎನ್ನುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ಸೀನುವವರು, ಕೆಮ್ಮುವವರು ಹುಳ ಇರುವ ಮನೆಯಲ್ಲಿ ಇರಕೂಡದು ಎನ್ನುವುದು ದೊಡ್ಡಮ್ಮನ ಕಾನೂನು. ತಿಳಿದರೆ ಹುಳ ಗೂಡು ಕಟ್ಟುವವರೆಗೆ ನನ್ನನ್ನು ಕಲ್ಯದ ಕಡೆಯ ನಮ್ಮ ಮನೆಗೆ ಅಟ್ಟುತ್ತಿದ್ದಳು. ಅಲ್ಲಿಗೆ ಹೋದರೆ ಹತ್ತು ದಿನ ಕೆಲಸಕ್ಕೆ ರಜೆ, ಹತ್ತು ದಿನ ರಜೆ ಹಾಕಿದವಳ ಜಾಗಕ್ಕೆ ಇನ್ನೊಬ್ಬಳು. ಅದಕ್ಕೇ ಬಸ್ಸಿನ ಗೆಳತಿ ಕೊಟ್ಟ ಮಾತ್ರೆ ನುಂಗಿ, ಹಿತ್ತಿಲಲ್ಲಿ ಮನಸಾರೆ ಕೆಮ್ಮಿ ಮುಗಿಸಿ, ಒಳಗೆ ಬಂದು ಮೂಗಿನ ಪರೀಕ್ಷೆಗೆ ನಿಂತೆ. ಶೀತಕ್ಕೆ ವಾಸನೆ ಇಲ್ಲವಲ್ಲ. ಪಾಸಾದೆ. ಹುಳಕ್ಕೆ ಏನೂ ಆಗಬಾರದೆಂದು ಹುಳದ ಮನೆಗೆ ಮಾತ್ರ ಏನಾದರೊಂದು ನೆಪ ಹೇಳಿ ಹೋಗಲಿಲ್ಲ. ಅಷ್ಟು ಬುದ್ಧಿ ಇತ್ತು. ರಾತ್ರಿ ಮಾತ್ರ ಎಂದಿನಂತೆ ದೊಡ್ಡಮ್ಮನ ಮಗ್ಗುಲಲ್ಲಿ, ಅವಳ ಕಂಬಳಿಯೊಳಗೇ ಮಲಗಿದೆ.

ಗುರುವಾರ ಅವಳಿಗೆ ಜ್ವರ ಬಂತು. ಹುಳ ಕೊನೆಯ ಹಂತದಲ್ಲಿತ್ತು. ಆ ಏಳೆಂಟು ದಿನ ಹುಳ ತಿನ್ನುವುದನ್ನು ನೋಡಬೇಕು ನೀವು. ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಬರೀ ಕಡ್ಡಿ ಉಳಿಯುತ್ತದೆ. ಮಲಗಲು ಪುರುಸೊತ್ತೆಲ್ಲಿ? ಬಾಯಿಗೆ ಟವೆಲು ಕಟ್ಟಿಕೊಂಡು, ನಡುಗುತ್ತ, ಅವಳು ಸೊಪ್ಪು ಕುಯ್ದಳು, ತಟ್ಟೆ ಶುಚಿ ಮಾಡಿದಳು. ತನ್ನ ಉಸಿರು ಹುಳಕ್ಕೆ ತಾಗದಂತೆ ಟವೆಲನ್ನು ಮತ್ತೆಮತ್ತೆ ಬಿಗಿದುಕೊಂಡಳು. ತನ್ನದೇ ರಕ್ತದೊತ್ತಡದ ಮಾತ್ರೆಯನ್ನು ಎಷ್ಟು ದಿನದಿಂದ ಮರೆತಿದ್ದಳೋ, ಅದನ್ನು ಯಾರೂ ಕೇಳಲಿಲ್ಲ. ಚಳಿಗೆ ಬಂದದ್ದು, ಹೋಗುತ್ತದೆ ಎಂದಳು. ನಾನೂ ಹ್ಞೂಂ ಎಂದೆ.

ಶನಿವಾರದ ಹೊತ್ತಿಗೆ ನಮ್ಮ ತೋಟದ ಸೊಪ್ಪು ಮುಗಿಯುತ್ತ ಬಂತು. ಬೇಲಿಯಾಚೆ ಸಾಕಮ್ಮನ ತೋಟ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಒಕ್ಕಲುತನ ಮಾಡಿಕೊಂಡಿದ್ದ ಹೆಂಗಸು. ನಾನು ಸಾಕತ್ತೆ ಎನ್ನುತ್ತಿದ್ದೆ. ಅವಳ ಹುಳ ಆ ವಾರದ ಮೊದಲಲ್ಲೇ ತಿನ್ನುವುದು ಬಿಟ್ಟು ಗೂಡಿಗೆ ಹತ್ತಿತ್ತು, ತೋಟದಲ್ಲಿ ಸೊಪ್ಪು ಉಳಿದಿತ್ತು. ಸಂಜೆ ಬೇಲಿಯ ಹತ್ತಿರ ಬಂದು, ಬೇಕಾದಷ್ಟು ಕುಯ್ದುಕೊಳ್ಳಿ, ನನಗೆ ಇನ್ನೇನು ಕೆಲಸ ಅದರಿಂದ ಎಂದು ಹೇಳಿ ಹೋದಳು. ಜೊತೆಗೆ ಒಂದು ಹಿಡಿ ಸೊಪ್ಪನ್ನೂ ಕೊಟ್ಟಳು.

ದೊಡ್ಡಮ್ಮ ಆ ಹಿಡಿಯನ್ನು ದೀಪದ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು, ಮೂಸಿದಳು. ಎರಡು ವಾರದ ಹಿಂದೆ ಸಾಕಮ್ಮ ಬೆನ್ನಿಗೆ ಕ್ಯಾನು ಹಾಕಿಕೊಂಡು ಅವರೆ ಗಿಡಕ್ಕೆ ಔಷಧಿ ಹೊಡೆಯುತ್ತಿದ್ದುದನ್ನು ಅವಳು ಕಂಡಿದ್ದಳು. ಅದು ಹಿಪ್ಪುನೇರಳೆಗೂ ಸಿಡಿದಿದ್ದರೆ?

“ಬಿಟ್ಟಿ ಕೊಡ್ತಾವ್ಳೆ ಅಂದ್ರೆ ಏನೋ ಐತೆ ಕಣಮ್ಮಿ” ಎಂದಳು. “ಹತ್ತು ಹುಳ ತಗಂಡು ಬ್ಯಾರೆ ತಟ್ಟೇಲಿ ಬುಡ್ತೀನಿ. ಈ ಸೊಪ್ಪೇ ಹಾಕು. ನಾಳೆ ಸಾಯಂಕಾಲದ್ ವರ್ಗೂ ನೋಡನ. ನೀನು ಚೆಕ್ಕಿಂಗಿನೋಳಲ್ವಾ.”

ಇದು ನಮ್ಮ ಕಡೆ ಹೊಸದೇನಲ್ಲ. ಗುಮಾನಿ ಇರುವ ಸೊಪ್ಪನ್ನು ಮೊದಲು ನಾಲ್ಕಾರು ಹುಳಕ್ಕೆ ಹಾಕಿ ನೋಡುವುದು, ಬದುಕಿದರೆ ಉಳಿದವಕ್ಕೆ ಹಾಕುವುದು ಹುಳ ಸಾಕುವವರ ಪದ್ಧತಿ. ಒಂದು ಹಳೆಯ ಊಟದ ತಟ್ಟೆಯಲ್ಲಿ ಹತ್ತು ಹುಳ ಹಾಕಿ, ಮನೆಯೊಳಗೆ ಕಿಟಕಿಯ ಮೇಲೆ ಇಟ್ಟು ನನ್ನ ಸುಪರ್ದಿಗೆ ಕೊಟ್ಟಳು. ಅವು ಗಬಗಬನೆ ತಿಂದವು.

ಭಾನುವಾರ ಬೆಳಗ್ಗೆ ಅವು ಆರಾಮಾಗಿ ಓಡಾಡುತ್ತಿದ್ದವು. ಸಂಜೆವರೆಗೆ ಕಾಯುವಷ್ಟು ಸೊಪ್ಪು ನಮ್ಮಲ್ಲಿ ಇರಲಿಲ್ಲವಾದ್ದರಿಂದ ದೊಡ್ಡಮ್ಮ ಕುಡುಗೋಲು ತೆಗೆದುಕೊಂಡು ಸಾಕಮ್ಮನ ತೋಟಕ್ಕೆ ಹೋದಳು. ಒಂದು ಹೊರೆ ಕುಯ್ದು, ಹೊತ್ತು ತಂದು ಒದ್ದೆ ಗೋಣಿಯಡಿ ಮುಚ್ಚಿಟ್ಟು, ಎರಡನೆಯದಕ್ಕೆ ಹೋದಳು. ಎರಡನೆಯದನ್ನು ಕುಯ್ಯುವಾಗ ಅವಳ ಬಲಗೈಯಿಂದ ಕುಡುಗೋಲು ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡಳು, ಮತ್ತೆ ಬಿತ್ತು. ಅದನ್ನು ಮೊದಲು ನೋಡಿದವಳು ಪಕ್ಕದ ಸಾಲಿನಲ್ಲಿದ್ದ ಸಾಕಮ್ಮ. ತಬ್ಬಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ನಡೆಸಿಕೊಂಡು ಬಂದಳು. ದೊಡ್ಡಮ್ಮನ ಬಲಗಾಲು ನೆಲ ಗೀರುತ್ತ ಬಂತು. ಏನೋ ಹೇಳಲು ನೋಡಿದಳು, ಮಾತು ಬಾಯಲ್ಲೇ ತೊದಲಿ ಹೋಯಿತು.

ಈಗ ನೀವು ಆಗಿದ್ದರೆ ಏನು ಮಾಡುತ್ತಿದ್ದಿರಿ? ನಾವು ಏನು ಮಾಡಿದೆವು ಎಂದು ಹೇಳಲು ನನಗೆ ಇವತ್ತಿಗೂ ನಾಚಿಕೆ. ದೊಡ್ಡಪ್ಪ ಅವಳ ಬಲಗೈಯನ್ನು ಎತ್ತಿ ನೋಡಿದ. ಅದು ದೊಪ್ಪೆಂದು ಬಿತ್ತು. ಯಾವ ಕೈ? ಸಾಕಮ್ಮನ ಸೊಪ್ಪು ಕುಯ್ದ ಕೈ. ನಮಗೆ ಅಷ್ಟೇ ಸಾಕಾಯಿತು. ಸೊಪ್ಪಿಗೆ ಹೊಡೆದ ವಿಷ ಚರ್ಮದೊಳಗೆ ಇಳಿದಿದೆ, ಇನ್ನೂ ಇಳಿಯುವ ಮೊದಲು ತೊಳೆಯಬೇಕು. ಹುಳದ ಮನೆಯ ಬಾಗಿಲಿನ ಬಕೀಟನ್ನೇ ಎತ್ತಿ ತಂದೆವು. ದೊಡ್ಡಪ್ಪ ಕೈ ಹಿಡಿದುಕೊಂಡ, ನಾನು ಬ್ಲೀಚಿಂಗ್ ನೀರು ಹುಯ್ದೆ. ತೊಳೆದೆವು, ಉಜ್ಜಿದೆವು, ಮತ್ತೆ ತೊಳೆದೆವು. ಸೋಂಕು, ವಿಷ, ಹೊಲಸು ಯಾವುದಕ್ಕಾದರೂ ನಮಗೆ ಗೊತ್ತಿದ್ದ ಔಷಧ ಅದೊಂದೇ. ಅವಳ ಮೊಣಕೈವರೆಗೂ ಚರ್ಮ ಕೆಂಪಗಾಯಿತು. ಕೈ ಅಲುಗಲಿಲ್ಲ.

ಸಾಕಮ್ಮ ಒಂದೇ ಮಾತನ್ನು ಹೇಳುತ್ತ ನಿಂತಿದ್ದಳು. “ಕೈಗೇನೂ ಆಗಿಲ್ಲ ಕಣಣ್ಣ, ಮೊಕ ನೋಡು, ಸೊಟ್ಟಗಾಗದೆ. ಮೊದ್ಲು ಆಸ್ಪತ್ರೆಗೆ ಕರ್ಕೊಂಡು ಓಗು.”

ದೊಡ್ಡಪ್ಪ ತಲೆ ಎತ್ತದೆ ಹೇಳಿದ: “ನಿನ್ ಸೊಪ್ಪು ಮುಟ್ಟಿದ್ ಕೈಯೇ ಬಿದ್ದೋಗದೆ. ನೀನು ಒಸಿ ಆ ಕಡಿಕೆ ನಿಂತ್ಕೊ.”

ನನಗೆ ಆ ಹೊತ್ತಿನಲ್ಲಿ ಏನನ್ನಿಸಿತು ಗೊತ್ತೇ? ಇವಳಿಗೇಕೆ ಇಷ್ಟು ಅವಸರ ಅನ್ನಿಸಿತು. ತಪ್ಪು ಮಾಡಿದವಳಲ್ಲದಿದ್ದರೆ ಹೀಗೇಕೆ ಬೆವರುತ್ತಾಳೆ ಅನ್ನಿಸಿತು. ಅಂಗಿಗಳ ಮೇಲೆ ಅಂಟಿಸುವ ಬಾಣದ ಸ್ಟಿಕರನ್ನು ನಾನು ಮನಸ್ಸಿನಲ್ಲೇ ಸಾಕಮ್ಮನ ಹಣೆಗೆ ಅಂಟಿಸಿಬಿಟ್ಟೆ. ಆ ಅಂಗಳದಲ್ಲಿ ಸರಿಯಾದ ಮಾತು ಹೇಳಿದವಳು ಅವಳೊಬ್ಬಳೇ. ಹೇಳಿದ್ದೇ ಅವಳ ಮೇಲೆ ಸಾಕ್ಷಿಯಾಯಿತು.

ಕೈ ತೊಳೆದು, ವಿಷಕ್ಕೆ ಸೊಪ್ಪಿನ ರಸ ಕೊಡುವವರನ್ನು ಕರೆಸಿ, ಅವರು ತಮ್ಮಿಂದಾಗದು ಎಂದ ಮೇಲೆ ಕಾರು ಹುಡುಕಿ ಕನಕಪುರದ ಆಸ್ಪತ್ರೆಗೆ, ಅಲ್ಲಿಯ ಡಾಕ್ಟರು ಹೇಳಿದಂತೆ ಬೆಂಗಳೂರಿಗೆ ಹೊರಡುವಷ್ಟರಲ್ಲಿ ಹೊತ್ತು ಇಳಿದಿತ್ತು. ಕುಡುಗೋಲು ಜಾರಿದ್ದು ಬೆಳಗಿನ ತಿಂಡಿ ಹೊತ್ತಿಗೆ. ದೊಡ್ಡ ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದು ಅದನ್ನೇ, ಕೈ ಬಿದ್ದದ್ದು ಎಷ್ಟು ಗಂಟೆಗೆ ಎಂದು. ಹೇಳಿದೆವು. ಅವರು ಗಡಿಯಾರ ನೋಡಿ, ಕೊಡಬೇಕಾದ ಇಂಜೆಕ್ಷನ್ನಿಗೆ ಹೊತ್ತು ಮೀರಿದೆ ಎಂದರು.

ಮರುದಿನ ಬೆಳಗ್ಗೆ ಒಬ್ಬರು ಲೇಡಿ ಡಾಕ್ಟರು ದೊಡ್ಡಪ್ಪನನ್ನೂ ನನ್ನನ್ನೂ ಕರೆದು ಕೂರಿಸಿ ನಿಧಾನವಾಗಿ ವಿವರಿಸಿದರು. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅಡ್ಡ ನಿಂತಿದೆ. ಅದಕ್ಕೇ ಬಲಭಾಗವೂ ಮಾತೂ ಹೋಗಿವೆ. ಪಾರ್ಶ್ವವಾಯು ಇದು. ವಿಷದ ಮಾತೇ ಇಲ್ಲ. ದೊಡ್ಡಪ್ಪ ನಂಬಲಿಲ್ಲ ಎಂಬುದು ಅವನ ಬಿಗಿದ ಕುತ್ತಿಗೆ ನೋಡಿದರೇ ತಿಳಿಯುತ್ತಿತ್ತು. ಪೇಟೆಯವರಿಗೆ ಸೊಪ್ಪಿನ ವಿಷಯ ಏನು ಗೊತ್ತು?

ಆಮೇಲೆ ಅವರು ಕೇಳಿದರು, ಇತ್ತೀಚೆಗೆ ಜ್ವರ, ಕೆಮ್ಮು ಏನಾದರೂ ಬಂದಿತ್ತೇ ಎಂದು. ನಾಲ್ಕು ದಿನದಿಂದ ಇತ್ತು ಎಂದೆ. ಅವರು ತಲೆಯಾಡಿಸಿದರು. ವೈರಲ್ ಜ್ವರ ಬಂದಾಗ ಕೆಲವರಿಗೆ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದಂತೆ, ರಕ್ತನಾಳಗಳ ಒಳಗೋಡೆ ಊದಿಕೊಳ್ಳುತ್ತದಂತೆ, ಬಿ.ಪಿ. ಇದ್ದೂ ಮಾತ್ರೆ ಬಿಟ್ಟವರಿಗೆ ಆ ಒಂದೆರಡು ವಾರ ಅಪಾಯ ಜಾಸ್ತಿಯಂತೆ. ಜ್ವರವೊಂದೇ ಕಾರಣ ಎಂದು ಬರೆದುಕೊಡಲಾರೆ, ಆದರೆ ನನಗೆ ಅದರ ಮೇಲೇ ಅನುಮಾನ ಎಂದರು. ಕೊನೆಗೆ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದರು.

“ಯಾರ್ಗೂ ಇರ್ನಿಲ್ಲ ಮೇಡಂ. ಉಳ ಇರೋ ಮನೆ, ಕೆಮ್ಮೋರ್ನ ನಾವು ಸೇರ್ಸಲ್ಲ” ಎಂದ ದೊಡ್ಡಪ್ಪ.

ನಾನು ನೆಲ ನೋಡುತ್ತಿದ್ದೆ. ನನ್ನ ಎದೆಯಲ್ಲಿ ಆಗಲೂ ಒಂದು ಕೆಮ್ಮು ಕೂತಿತ್ತು. ಅದನ್ನು ನುಂಗಿಕೊಂಡೆ. ಅಷ್ಟು ಕಷ್ಟಪಟ್ಟು ನಾನು ಇನ್ನೇನನ್ನೂ ನುಂಗಿದ್ದಿಲ್ಲ.

ಹುಳ ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಅಂದೇ ನನ್ನನ್ನು ಊರಿಗೆ ಕಳಿಸಿದರು. ಬಂದವಳು ಮೊದಲು ಕಿಟಕಿಯ ಹತ್ತಿರ ಹೋದೆ. ಹತ್ತೂ ಹುಳ ಜೀವಂತವಾಗಿದ್ದವು, ಹಸಿದು ತಟ್ಟೆಯ ಅಂಚಿಗೆ ಬಂದು ತಲೆ ಆಡಿಸುತ್ತಿದ್ದವು. ಒದ್ದೆ ಗೋಣಿಯಡಿ ದೊಡ್ಡಮ್ಮ ಮುಚ್ಚಿಟ್ಟಿದ್ದ ಸಾಕಮ್ಮನ ಸೊಪ್ಪು ಹಾಗೇ ಇತ್ತು. ಅದನ್ನು ಬೇರೆ ಹುಳಕ್ಕೆ ಹಾಕಬಾರದೆಂದು ದೊಡ್ಡಪ್ಪನ ಅಪ್ಪಣೆಯಾಗಿತ್ತು. ನಾನು ಅದನ್ನೇ ದಿನಾ ಈ ಹತ್ತಕ್ಕೆ ಹಾಕಿದೆ. ಯಾಕೆ ಹಾಕಿದೆ? ಸಾಯಲಿ ಎಂದು. ಹೌದು, ಮನಸ್ಸಿನಲ್ಲಿ ಹಾಗೇ ಬೇಡಿಕೊಂಡಿದ್ದೆ. ಒಂದಾದರೂ ಸತ್ತಿದ್ದರೆ ಆ ಡಾಕ್ಟರ ಮಾತು ಸುಳ್ಳಾಗುತ್ತಿತ್ತು, ನಾನು ಬಚಾವಾಗುತ್ತಿದ್ದೆ. ಗುರುವಾರ ಅವು ಹಣ್ಣಾದವು. ಹಣ್ಣಾದ ಹುಳ ತಿನ್ನುವುದು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ತಟ್ಟೆಗೆ ಒಂದಿಷ್ಟು ಒಣಹುಲ್ಲು ಹಾಕಿದೆ. ಮೂರು ದಿನದಲ್ಲಿ ಹತ್ತು ಗೂಡು, ಒಂದಕ್ಕಿಂತ ಒಂದು ಗಟ್ಟಿ. ಸೊಪ್ಪು ಸಾಲದೆ ಅರೆಹೊಟ್ಟೆಯಲ್ಲಿದ್ದ ಉಳಿದ ಹುಳಗಳ ಗೂಡು ಆ ಸಲ ಕೈಯಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು.

ಎರಡು ವಾರದ ಮೇಲೆ ದೊಡ್ಡಪ್ಪ ಊರಿಗೆ ಬಂದವನು ಕಿಟಕಿ ಖಾಲಿ ಇದ್ದದ್ದು ಕಂಡು, ಆ ತಟ್ಟೆಯ ಹುಳ ಏನಾದವು ಎಂದು ಕೇಳಿದ. ಜಗಲಿಯ ಮೇಲೆ ಊರಿನ ನಾಲ್ಕು ಜನ ಕೂತಿದ್ದರು.

“ಬಿಸಾಕ್ಬುಟ್ಟೆ ದೊಡ್ಡಪ್ಪ” ಎಂದೆ.

ಸತ್ತವನ್ನಲ್ಲದೆ ಬದುಕಿದ ಹುಳವನ್ನು ಯಾರು ಬಿಸಾಕುತ್ತಾರೆ? ಜಗಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತಿಗೆ ಸಾಕಮ್ಮನ ಕಥೆ ಮುಗಿಯಿತು. ಗೂಡುಗಳು ಆಗ ನನ್ನ ಟ್ರಂಕಿನಲ್ಲಿದ್ದವು. ಬಿಸಿಲಿಗಿಟ್ಟು ಒಣಗಿಸಿ ಒಂದು ಗಾಜಿನ ಬಾಟಲಿಗೆ ಹಾಕಿ, ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟಿದ್ದೆ. ಸುಟ್ಟುಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ತೋರಿಸುವ ಧೈರ್ಯವೂ ಬರಲಿಲ್ಲ.

ಯಾರೂ ಸಾಕಮ್ಮನನ್ನು ಬೈಯಲಿಲ್ಲ, ಪಂಚಾಯ್ತಿ ಕೂರಲಿಲ್ಲ. ಊರಿನಲ್ಲಿ ನಾಲ್ಕಾರು ಮನೆಯವರು ಸೇರಿ ಒಟ್ಟಿಗೆ ಮರಿಹುಳ ತರುತ್ತಿದ್ದರು; ಮುಂದಿನ ಸಲ ತರುವಾಗ ಅವಳಿಗೆ ಹೇಳಲಿಲ್ಲ, ಅಷ್ಟೆ. ಅವಳ ಸೊಪ್ಪನ್ನು ಯಾರೂ ಕೇಳಲಿಲ್ಲ. ಅವಳು ಹಾದುಹೋದರೆ ಹುಳದ ಮನೆಗಳ ಬಾಗಿಲು ಮುಚ್ಚಿಕೊಳ್ಳುತ್ತಿದ್ದವು. ಎರಡು ವರ್ಷ ನೋಡಿದಳು. ಆಮೇಲೆ ಆಳುಗಳನ್ನು ಕರೆಸಿ ಅಷ್ಟೂ ಹಿಪ್ಪುನೇರಳೆಯನ್ನು ಬೇರುಸಹಿತ ಕೀಳಿಸಿ, ಜಮೀನನ್ನು ಫ್ಯಾಕ್ಟರಿಯ ಕಡೆಯವರಿಗೆ ಕೊಟ್ಟು, ಚನ್ನಪಟ್ಟಣದಲ್ಲಿದ್ದ ಮಗಳ ಮನೆಗೆ ಹೋದಳು. ಅದಕ್ಕೂ ಊರು, ನೋಡಿದಿರಾ, ಮೊದಲಿಂದಲೂ ಅವಳ ಮನಸ್ಸಿನಲ್ಲಿ ಇದೇ ಇತ್ತು ಎಂದಿತು.

ದೊಡ್ಡಮ್ಮ ಆಮೇಲೆ ಆರು ವರ್ಷ ಬದುಕಿದಳು. ಮಾತು ಅಷ್ಟಿಷ್ಟು ಬಂತು, ಬಲಗೈ ಬರಲಿಲ್ಲ. ಹುಳ ನಿಂತುಹೋಯಿತು. ಆದರೆ ನಾನು ಫ್ಯಾಕ್ಟರಿಯಿಂದ ಬಂದ ಕೂಡಲೇ ಎಡಗೈಯಲ್ಲಿ ನನ್ನನ್ನು ಹತ್ತಿರ ಎಳೆದುಕೊಂಡು ಹೆಗಲ ಹತ್ತಿರ ಉಸಿರು ಎಳೆದುಕೊಳ್ಳುವುದನ್ನು ಬಿಡಲಿಲ್ಲ. ಏನೂ ಸಿಗದೆ, ಒಳಗೆ ಹೋಗು ಎಂಬಂತೆ ಬೆನ್ನು ಸವರಿ ಕಳಿಸುತ್ತಿದ್ದಳು. ಪ್ರತಿ ಸಲವೂ ನಾನು ಹಿತ್ತಿಲಿಗೆ ಹೋಗಿ ಅಳುತ್ತಿದ್ದೆ. ಅವಳಿಗೂ ಹೇಳಲಿಲ್ಲ. ಅವಳನ್ನು ಮಣ್ಣು ಮಾಡಿದ ದಿನವೂ ಹೇಳಲಿಲ್ಲ.

ಆ ಬಾಟಲಿ ನನ್ನ ಜೊತೆ ಮದುವೆಯಾಗಿ ರಾಮನಗರಕ್ಕೆ ಬಂತು, ಮೂರು ಬಾಡಿಗೆ ಮನೆ ಕಂಡಿತು. ಇದೇನು ಎಂದು ಕೇಳಿದವರಿಗೆಲ್ಲ ದೊಡ್ಡಮ್ಮನ ನೆನಪಿಗೆ ಎಂದಿದ್ದೇನೆ. ಈ ನಡುವೆ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಎದ್ದು ಬೇರೆ ಸೀಟಿಗೆ ಹೋಗುವವಳಾಗಿದ್ದೇನೆ. ನನ್ನ ಅನುಮಾನದ ಸ್ವಭಾವ ನೋಡಿ ಮನೆಯವರು ನಗುತ್ತಾರೆ. ಯಾರ ಮೇಲೆ ಅನುಮಾನ ಪಡಬೇಕಿತ್ತೋ ಅವಳೊಬ್ಬಳನ್ನು ಬಿಟ್ಟು ಉಳಿದವರ ಮೇಲೆಲ್ಲ ಅನುಮಾನ ಪಟ್ಟುಕೊಂಡು ಇಷ್ಟು ವರ್ಷ ಕಳೆದೆ ಎನ್ನುವುದು ಅವರಿಗೆ ತಿಳಿಯದು.

ಚರಂಡಿಯ ಬ್ಲೀಚಿಂಗ್ ವಾಸನೆ ಬಂದ ದಿನವೇ ಬಾಟಲಿಯನ್ನು ಅಟ್ಟದಿಂದ ಇಳಿಸಿದೆ. ನಾಲ್ಕು ದಿನದ ಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ. ಹಿಂದಿನ ದಿನದಿಂದ ನನಗೆ ಮೂಗು ಸೋರುತ್ತಿತ್ತು. ಸಾಕಮ್ಮನ ಮಗಳ ಮನೆ ಹುಡುಕಿ, ಬಾಗಿಲ ಹೊರಗೇ ನಿಂತೆ. ಅವಳು ಒಳಗೆ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ಒಳಗೆ ಕರೆದಳು.

“ನಂಗೆ ಒಸಿ ನೆಗಡಿ ಐತೆ ಸಾಕತ್ತೆ, ಆಚೆನೇ ಇರ್ತೀನಿ” ಎಂದೆ. ಜೀವನದಲ್ಲಿ ಮೊದಲ ಸಲ ಒಂದು ಹೊಸ್ತಿಲಲ್ಲಿ ನಿಂತು ಆ ಮಾತು ಹೇಳಿದ್ದೆ. ಅದರ ಹಿಂದೆಯೇ ಉಳಿದದ್ದೂ ಬಂತು. ಬಸ್ಸಿನ ಕೆಮ್ಮು, ಕಂಬಳಿ, ಡಾಕ್ಟರು ಕೇಳಿದ್ದು, ಜಗಲಿಯ ಮೇಲೆ ನಾನಾಡಿದ್ದು. ಹೇಳಿ ಮುಗಿಸಿ ಬಾಟಲಿಯನ್ನು ಹೊಸ್ತಿಲ ಒಳಗೆ ಇಟ್ಟೆ.

ಅವಳು ಎದ್ದು ಬಂದು ಅದನ್ನು ಎತ್ತಿ ಅಲ್ಲಾಡಿಸಿದಳು. ಒಣಗಿದ ಗೂಡು ಗಲಗಲ ಎಂದವು. ಮುಚ್ಚಳ ತೆಗೆದು ಒಂದನ್ನು ಹೊರಗೆ ತೆಗೆದು, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಗೂಡು ಕೊಳ್ಳುವವರು ಒತ್ತುವ ಹಾಗೆ, ಗಟ್ಟಿಯೇ ಮೆತ್ತಗೆಯೇ ಎಂದು.

“ಹತ್ತೂ ಕಟ್ಟಿದ್ವಾ?”

“ಹತ್ತೂ.”

ಅವಳು ಗೂಡನ್ನು ವಾಪಸ್ಸು ಹಾಕಿ, ಮುಚ್ಚಳ ತಿರುವಿ, ಬಾಟಲಿಯನ್ನು ನನ್ನ ಕೈಗೇ ಕೊಟ್ಟಳು. ಬೈಯುತ್ತಾಳೆ ಎಂದು ಕಾದಿದ್ದೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾಳೆ ಎಂದು. ಎರಡನ್ನೂ ಅವಳು ಮಾಡಲಿಲ್ಲ.

“ನಂಗ್ಯಾಕವ್ವ ತೋರ್ಸೀಯೆ?” ಎಂದಳು. “ನನ್ ಸೊಪ್ಪು ಎಂಥದು ಅಂತ ನಂಗೆ ಗೊತ್ತಿತ್ತು. ಗೊತ್ತಿಲ್ದೋರ್ಗೆ ತೋರ್ಸೋಗು.”

ಮತ್ತೆ ಮಂಚಕ್ಕೆ ಹೋಗಿ ಅವರೆಕಾಯಿಗೆ ಕೈ ಹಾಕಿದಳು. ಕೂತುಕೋ ಎನ್ನಲಿಲ್ಲ.

ಇದನ್ನು ಬರೆಯುತ್ತಿರುವುದು ದೊಡ್ಡಮ್ಮನ ಊರಿನಿಂದ ಬಂದ ಮೇಲೆ. ಹೋದ ಭಾನುವಾರ ಹೋಗಿದ್ದೆ. ನೆಗಡಿ ಪೂರ್ತಿ ಇಳಿಯಲಿ ಎಂದು ಒಂದು ವಾರ ಕಾದು ಹೋದೆ. ದೊಡ್ಡಪ್ಪ ಜಗಲಿಯ ಮೇಲಿದ್ದ, ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಪಕ್ಕದಲ್ಲಿ ಅವತ್ತು ಕೂತಿದ್ದವರಲ್ಲಿ ಇನ್ನೂ ಬದುಕಿರುವ ಇಬ್ಬರು ಇದ್ದರು. ಬೇಲಿಯಾಚೆ ಸಾಕಮ್ಮನ ತೋಟವಿದ್ದ ಕಡೆ ಈಗ ನೀಲಿ ತಗಡಿನ ಗೋಡೆ. ನಾನು ಚೀಲ ಕೆಳಗಿಟ್ಟೆ.

“ಚೀಲ್ದಲ್ಲಿ ಅದೇನು ಗಲಗಲ ಅಂತದೆ?” ಎಂದು ದೊಡ್ಡಪ್ಪ ಕೇಳಿದ.

ನಾನು ಬಾಟಲಿಯನ್ನು ತೆಗೆದು, ಅವನ ಅಂಗೈ ಬಿಡಿಸಿ, ಹತ್ತು ಗೂಡನ್ನೂ ಅದರಲ್ಲಿ ಸುರಿದೆ. “ಅವತ್ತು ಬಿಸಾಕ್ಬುಟ್ಟೆ ಅಂದ್ನಲ್ಲ, ಅವೇ ದೊಡ್ಡಪ್ಪ, ಹತ್ತೂ ಕಟ್ಟಿದ್ವು” ಎಂದೆ. ಮಂಜುಗಣ್ಣಿನ ದೊಡ್ಡಪ್ಪ ಒಂದೊಂದನ್ನೇ ಹೆಬ್ಬೆರಳಿನಿಂದ ಒತ್ತುತ್ತ ಹೋದ.